ಅಪ್‌ಡೇಟ್: 12 ಕ್ರಿಪ್ಟೊ ಕಾಯಿನ್‌ಗಳ ಪೋರ್ಟ್‌ಫೋಲಿಯೊ 4ಕ್ಕೆ ಇಳಿಯಿತು

12 ಕಾಯಿನ್‌ಗಳಲ್ಲಿ ಹಣ ಹಂಚಿದರೆ ರಿಸ್ಕ್ ಕಡಿಮೆಯಾಗುತ್ತದಾ ಎಂದು ಕೇಳಿದ್ದೆ. ಅಷ್ಟಾಗಿ ಆಗುವುದಿಲ್ಲ, ಬಿಟ್‌ಕಾಯಿನ್ ಬಿದ್ದಾಗ ಸಣ್ಣ ಕಾಯಿನ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಜೋರಾಗಿ ಬೀಳುತ್ತವೆ. ಈಗಿನ ಹಂಚಿಕೆ ಬಿಟ್‌ಕಾಯಿನ್ ಶೇ. 60, ಈಥರ್ (ಎಥೀರಿಯಂ ನೆಟ್‌ವರ್ಕ್‌ನ ಕಾಯಿನ್) 25, ಸ್ಟೇಬಲ್‌ಕಾಯಿನ್ (ಡಾಲರ್‌ನಂಥ ಕರೆನ್ಸಿಗೆ ಬೆಲೆ ಜೋಡಿಸಿದ ಕಾಯಿನ್) 10, ಸೋಲಾನಾ 5. ದೊಡ್ಡ ಪಾಲುಗಳು ಈ ಗುರಿಯಿಂದ 5 ಶೇಕಡಾ ಅಂಶ, ಸೋಲಾನಾ 2 ಅಂಶ ಸರಿದರೆ ಮಾತ್ರ ಸರಿಪಡಿಸುವುದು, ಅದೂ ಮೊದಲು ಹೊಸ ಹಣದಿಂದ. ಪದೇ ಪದೇ ಮಾರಿದರೆ ಫೀ, ತೆರಿಗೆಯಲ್ಲೇ ಲಾಭ ಸೋರುತ್ತದೆ.

ಹಾರ್ಡ್‌ವೇರ್ ವ್ಯಾಲೆಟ್‌ಗೆ (ಕ್ರಿಪ್ಟೊ ಕೀಗಳನ್ನು ಆಫ್‌ಲೈನ್ ಇಡುವ ಸಣ್ಣ ಡಿವೈಸ್) ಕಾಯಿನ್ ಕಳಿಸುವಾಗ ನೆಟ್‌ವರ್ಕ್ ಆಯ್ಕೆಯಲ್ಲೇ ಎಡವಟ್ಟಾಗುವುದು. ಎಥೀರಿಯಂ, ಬಿಎನ್‌ಬಿ ಚೈನ್ ಎರಡರ ವಿಳಾಸವೂ ‘ಸೊನ್ನೆ-ಎಕ್ಸ್’ (0x) ನಿಂದಲೇ ಶುರು, ವಿಳಾಸ ನೋಡಿದರೆ ತಪ್ಪು ಗೊತ್ತಾಗುವುದಿಲ್ಲ. ಮೊದಲು ಚಿಲ್ಲರೆ ಮೊತ್ತ ಕಳಿಸಿ, ಡಿವೈಸ್ ರೀಸೆಟ್ ಮಾಡಿ, ಕಾಗದದಲ್ಲಿ ಬರೆದಿಟ್ಟ 24 ಪದಗಳಿಂದ (ವ್ಯಾಲೆಟ್ ಮರಳಿ ಪಡೆಯುವ ಗುಟ್ಟಿನ ಪದಗಳು) ಮರಳಿ ತೆರೆಯಿರಿ. ಆ ಮೊತ್ತ ಕಂಡ ಮೇಲೆಯೇ ಉಳಿದದ್ದು.