ಸುದ್ದಿ ನೋಡಿ ವಿಮೆ ಬಿಡಬೇಕಾ? ಕ್ಲೈಮ್ ವಿಭಾಗದಲ್ಲಿ ಇದ್ದವರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಬಹಳ ವರ್ಷ ವಿಮೆ ಕಂಪನಿಯ ಕ್ಲೈಮ್ ವಿಭಾಗದಲ್ಲಿ ಇದ್ದವರು ಅಂತ ಗುಂಪಿನಲ್ಲಿ ಹೇಳಿದ್ದಿರಿ. ಈಚೆಗೆ ಫೋನ್ ತೆರೆದರೆ ಸಾಕು, ಬರೀ ವಿಮೆ ಸುದ್ದಿ. ಕಾಳ್ಗಿಚ್ಚಿನಿಂದ ಕಂಪನಿಗಳಿಗೆ ಭಾರಿ ನಷ್ಟ, ದೊಡ್ಡ ಕಂಪನಿ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿತು, ಹೀಗೆ. ನಮಗೆ ಮನೆಗೂ ಆರೋಗ್ಯಕ್ಕೂ ಪಾಲಿಸಿ ಇದೆ. ಈ ಸಲ ಪ್ರೀಮಿಯಂ ಜಾಸ್ತಿ ಆಗಿದೆ. ಕಂಪನಿ ಮುಳುಗುವ ಮೊದಲೇ ಹೊರಗೆ ಬಂದುಬಿಡೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಆತುರ ಬೇಡ. ಇನ್ನೊಂದು ಪಾಲಿಸಿ ಕೈಗೆ ಬರುವವರೆಗೆ ಇದನ್ನು ಬಿಡಲೇಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಕೆಲಸದಲ್ಲಿದ್ದಾಗ ಒಂದು ಕುಟುಂಬ ಇಂಥದ್ದೇ ಸುದ್ದಿ ಓದಿ ರಿನ್ಯೂ ಮಾಡಿಸದೆ ಬಿಟ್ಟಿತ್ತು. ಬೇರೆ ಕಡೆ ಮಾಡಿಸೋಣ ಅಂದುಕೊಂಡಿದ್ದರು, ಮಾಡಿಸಿರಲಿಲ್ಲ. ಪಾಲಿಸಿ ಮುಗಿದು ಮೂರು ವಾರ ಆಗಿರಲಿಲ್ಲ, ಮನೆಗೆ ಬೆಂಕಿ ಬಿತ್ತು. ಆ ಫೈಲು ನನ್ನ ಮೇಜಿಗೇ ಬಂತು. ಕೊಡುವುದಕ್ಕೆ ದಾರಿಯೇ ಇರಲಿಲ್ಲ. ಮುಳುಗುತ್ತದೆ ಅಂತ ಅವರು ಹೆದರಿದ್ದ ಕಂಪನಿ ಇವತ್ತಿಗೂ ನಡೆಯುತ್ತಿದೆ. ಆರೋಗ್ಯ ವಿಮೆಯಲ್ಲಂತೂ ಮಧ್ಯೆ ಬಿಟ್ಟರೆ ಕಾಯುವ ಅವಧಿ, ಅಂದರೆ ಕೆಲವು ಕಾಯಿಲೆಗಳಿಗೆ ಕ್ಲೈಮ್ ಸಿಗದ ಮೊದಲ ಅವಧಿ, ಮತ್ತೆ ಮೊದಲಿನಿಂದ ಶುರುವಾಗಬಹುದು.

ಈಗ ನೀವು ಓದಿದ ಸುದ್ದಿಗೆ ಬರೋಣ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ಮೊದಲ ಒಂದೆರಡು ವಾರದಲ್ಲೇ 250 ಶತಕೋಟಿ ಡಾಲರ್ ಮೀರಿದ ನಷ್ಟ ಅಂತ ತಲೆಬರಹ ಬಂತು. ಅದು ಹವಾಮಾನ ಸಂಸ್ಥೆ ಅಕ್ಯುವೆದರ್ ಹಾಕಿದ ಅಂದಾಜು. ಮನೆ ಸುಟ್ಟಿದ್ದು, ಸಂಬಳ ತಪ್ಪಿದ್ದು, ವ್ಯಾಪಾರ ನಿಂತಿದ್ದು, ಮುಂದೆ ಬರಬಹುದಾದ ಆರೋಗ್ಯದ ಖರ್ಚು, ಎಲ್ಲ ಅದರಲ್ಲಿ ಸೇರಿತ್ತು. ವಿಮೆ ಇದ್ದ ನಷ್ಟ ಎಷ್ಟು ಅಂತ ವಿಮೆ ಕಂಪನಿಗಳಿಗೇ ವಿಮೆ ಕೊಡುವ ಮ್ಯೂನಿಕ್ ರೀ ಕಂಪನಿ ಆಮೇಲೆ ಲೆಕ್ಕ ಹಾಕಿದಾಗ ಬಂದದ್ದು ಸುಮಾರು 40 ಶತಕೋಟಿ. ಅದೂ ದೊಡ್ಡ ಮೊತ್ತವೇ. ಆದರೆ ಎರಡೂ ಒಂದೇ ಅಲ್ಲ, ಅಲ್ವಾ? ಓದುವವರ ತಲೆಯಲ್ಲಿ ಮಾತ್ರ ಮೊದಲು ಬಂದ ಅಂಕಿಯೇ ಉಳಿಯುತ್ತದೆ.

‘ಪಾಲಿಸಿ ನಿಲ್ಲಿಸಿತು’ ಅನ್ನುವ ಮಾತೂ ಹಾಗೆಯೇ. 2023ರ ಮೇನಲ್ಲಿ ಅಮೆರಿಕದ ವಿಮೆ ಕಂಪನಿ ಸ್ಟೇಟ್ ಫಾರ್ಮ್ ಕ್ಯಾಲಿಫೋರ್ನಿಯಾದಲ್ಲಿ ಮನೆ ವಿಮೆಗೆ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಆಗ ಅದರ ಹಳೆಯ ಗ್ರಾಹಕರ ಪಾಲಿಸಿ ರದ್ದಾಗಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಅದೇ ಕಂಪನಿ ಸುಮಾರು 72 ಸಾವಿರ ಪಾಲಿಸಿಗಳನ್ನು ರಿನ್ಯೂ ಮಾಡುವುದಿಲ್ಲ ಅಂದಿತು. ಹಳೆಯ ಗ್ರಾಹಕರಿಗೆ ನಿಜವಾಗಿ ತಟ್ಟಿದ್ದು ಈ ಎರಡನೆಯ ಸುದ್ದಿ. ಹೊಸಬರಿಗೆ ಕೊಡುವುದಿಲ್ಲ ಅನ್ನುವುದು ಬೇರೆ, ಇದ್ದವರಿಗೆ ಮುಂದುವರಿಸುವುದಿಲ್ಲ ಅನ್ನುವುದು ಬೇರೆ, ಕಂಪನಿ ದಿವಾಳಿ ಆಯಿತು ಅನ್ನುವುದು ಇನ್ನೂ ಬೇರೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಸುದ್ದಿಯನ್ನು ನಂಬಿ ತೀರ್ಮಾನ ಮಾಡಬೇಡಿ.

ಪ್ರಶ್ನೆ (ಅದೇ ಸದಸ್ಯರು): ಅರ್ಥವಾಯಿತು ಮೇಡಂ. ಆದರೆ ಬೆಂಕಿ ಬಿದ್ದದ್ದು ಎಲ್ಲೋ. ನಮ್ಮ ಪ್ರೀಮಿಯಂ ಏರುವುದು ಯಾಕೆ?

ಉತ್ತರ: ವಿಮೆ ಕಂಪನಿಯೂ ತನಗೊಂದು ವಿಮೆ ಮಾಡಿಸಿಕೊಳ್ಳುತ್ತದೆ. ಅದಕ್ಕೆ ಮರುವಿಮೆ ಅನ್ನುತ್ತಾರೆ. ಮ್ಯೂನಿಕ್ ರೀ, ಸ್ವಿಸ್ ರೀ ಇವೆಲ್ಲ ಅಂಥ ಕಂಪನಿಗಳು. ಅವು ಲೋಕದ ತುಂಬಾ ಅಪಾಯವನ್ನು ಹೊರುತ್ತವೆ, ಆದ್ದರಿಂದ ಒಂದು ಕಡೆಯ ನಷ್ಟ ಇನ್ನೊಂದು ಕಡೆಯ ದರಕ್ಕೂ ಬರುತ್ತದೆ. ಆ ಒಪ್ಪಂದಗಳಲ್ಲಿ ಬಹಳಷ್ಟು ಪ್ರತಿವರ್ಷ ಜನವರಿ 1ಕ್ಕೆ ಹೊಸದಾಗುತ್ತವೆ. ಸ್ವಿಸ್ ರೀ ಲೆಕ್ಕದ ಪ್ರಕಾರ 2024ರವರೆಗೆ ಸತತ ಐದು ವರ್ಷ ಪ್ರಕೃತಿ ವಿಕೋಪಗಳಿಂದಾದ ವಿಮೆಯ ನಷ್ಟ 100 ಶತಕೋಟಿ ಡಾಲರ್ ದಾಟಿದೆ. ಹಾಗಂತ ನಿಮ್ಮ ಏರಿಕೆ ಪೂರ್ತಿ ಅದರಿಂದಲೇ ಅಂತ ನಾನು ಹೇಳಲಾರೆ. ಆರೋಗ್ಯ ವಿಮೆ ಏರುವುದಕ್ಕೆ ಚಿಕಿತ್ಸೆಯ ಖರ್ಚು ಮತ್ತು ನಿಮ್ಮ ವಯಸ್ಸು ಮುಖ್ಯ ಕಾರಣ. ಚಂಡಮಾರುತಕ್ಕೂ ಅದಕ್ಕೂ ಹೆಚ್ಚಿನ ಸಂಬಂಧ ಇಲ್ಲ. ಎರಡಕ್ಕೂ ಒಂದೇ ಕಾರಣ ಹೇಳಿದರೆ ಸುಮ್ನೆ ಒಪ್ಪಬೇಡಿ, ಬರಹದಲ್ಲಿ ಕೇಳಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಹಾಗಾದರೆ ಎಲ್ಲ ತಪ್ಪೂ ಮಾಧ್ಯಮದವರದ್ದಾ ಮೇಡಂ? ಕ್ಲೈಮ್ ಕೊಡದೆ ಸತಾಯಿಸುವುದು ನಿಜ ತಾನೇ?

ಉತ್ತರ: ನಿಜ. ಮಾಧ್ಯಮದವರು ಹುಡುಕದಿದ್ದರೆ ಎಷ್ಟೋ ಸಂಗತಿ ಹೊರಗೆ ಬರುತ್ತಲೇ ಇರಲಿಲ್ಲ. ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2023ರ ಮಾರ್ಚ್‌ನಲ್ಲಿ ಸಿಗ್ನಾ ಅನ್ನುವ ಆರೋಗ್ಯ ವಿಮೆ ಕಂಪನಿಯ ಬಗ್ಗೆ ಬರೆಯಿತು. 2022ರಲ್ಲಿ ಎರಡು ತಿಂಗಳಲ್ಲಿ ಅದರ ವೈದ್ಯರು 3 ಲಕ್ಷಕ್ಕೂ ಹೆಚ್ಚು ಕ್ಲೈಮ್ ತಿರಸ್ಕರಿಸಿದ್ದರು, ಒಂದೊಂದಕ್ಕೆ ಸರಾಸರಿ 1.2 ಸೆಕೆಂಡ್ ಹಿಡಿದಿತ್ತು ಅನ್ನುವುದು ಆ ವರದಿ. ಕಂಪನಿ ಅದನ್ನು ಒಪ್ಪಲಿಲ್ಲ. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಂದು ಫೈಲು ತಿರಸ್ಕರಿಸುವ ಮೊದಲು ಎರಡು ಸಲ ಓದಬೇಕು ಅಂತ ಕಲಿತು ಬಂದವಳು ನಾನು.

2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಆರೋಗ್ಯ ವಿಮೆ ಕಂಪನಿ ಯುನೈಟೆಡ್ ಹೆಲ್ತ್‌ಕೇರ್ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಅವರನ್ನು ಗುಂಡಿಟ್ಟು ಕೊಂದರು. ಆ ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ಸಾವಿರಾರು ಜನ ತಮ್ಮ ತಿರಸ್ಕೃತ ಕ್ಲೈಮ್‌ಗಳ ಕಥೆ ಬರೆದರು. ಆ ಸಿಟ್ಟು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಕ್ಲೈಮ್ ಯಾಕೆ ಆಗುವುದಿಲ್ಲ ಅಂತ ಕಂಪನಿಗಳು ಜನರಿಗೆ ತಿಳಿಯುವ ಮಾತಿನಲ್ಲಿ ಹೇಳಿದ್ದು ಕಡಿಮೆ. ಪತ್ರಕರ್ತರು ಕೇಳಿದರೆ ಗ್ರಾಹಕರ ಗೋಪ್ಯತೆ ಅಂತ ಬಾಯಿ ಮುಚ್ಚುತ್ತಾರೆ. ಆಗ ಸುದ್ದಿಯಲ್ಲಿ ಒಂದೇ ಕಡೆಯ ಮಾತು ಉಳಿಯುತ್ತದೆ. ಅದಕ್ಕೆ ಪತ್ರಕರ್ತರನ್ನು ದೂರಿ ಏನು ಬಂತು?

ವಿಮೆಯೂ ಸುದ್ದಿಯೂ ಮೊದಲಿನಿಂದ ಒಟ್ಟಿಗೇ ಬೆಳೆದವು. ಲಂಡನ್ನಿನ ಎಡ್ವರ್ಡ್ ಲಾಯ್ಡ್ ಅವರ ಕಾಫಿ ಅಂಗಡಿಯಲ್ಲಿ ಹಡಗುಗಳಿಗೆ ವಿಮೆ ಬರೆಯುವವರು ಸೇರುತ್ತಿದ್ದರು. 1696ರಲ್ಲಿ ಲಾಯ್ಡ್ ಅವರೇ ಹಡಗುಗಳ ಸುದ್ದಿ ಪತ್ರಿಕೆಯನ್ನೂ ಹೊರತಂದರು. ಯಾವ ಹಡಗು ಎಲ್ಲಿದೆ ಅಂತ ಗೊತ್ತಿಲ್ಲದೆ ಅದರ ಅಪಾಯ ಅಳೆಯುವುದು ಕಷ್ಟವಾಗಿತ್ತು.

ಪ್ರಶ್ನೆ (ಇನ್ನೊಬ್ಬರು): ಕಂಪ್ಯೂಟರ್ ವೈರಸ್ಸನ್ನು ‘ಯುದ್ಧ’ ಅಂತ ಹೇಳಿ ಕ್ಲೈಮ್ ಕೊಡಲಿಲ್ಲ ಅಂತ ಓದಿದ್ದೆ. ಇದೂ ಸುಳ್ಳಾ?

ಉತ್ತರ: ಸುಳ್ಳಲ್ಲ, ನಡೆದದ್ದೇ. ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ನಾನು ಮುಖ್ಯವಾಗಿ ಹೇಳಬೇಕಾದದ್ದು ಇದರಲ್ಲೇ ಇದೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ವೈರಸ್ ಔಷಧ ಕಂಪನಿ ಮರ್ಕ್‌ನ ಸಾವಿರಾರು ಕಂಪ್ಯೂಟರ್‌ಗಳನ್ನು ಕೆಡಿಸಿತು. ನಷ್ಟ ಸುಮಾರು 1.4 ಶತಕೋಟಿ ಡಾಲರ್. ಇದರ ಹಿಂದೆ ರಷ್ಯಾ ಇದೆ, ಯುದ್ಧದ ನಷ್ಟವನ್ನು ಪಾಲಿಸಿಯಿಂದ ಹೊರಗಿಟ್ಟಿದ್ದೇವೆ ಅಂತ ವಿಮೆ ಕಂಪನಿಗಳು ವಾದಿಸಿದವು. ಆ ಷರತ್ತು ಹಳೆಯ ಕಾಲದ ಯುದ್ಧಕ್ಕೆ ಬರೆದದ್ದು, ಇದಕ್ಕೆ ಅನ್ವಯಿಸುವುದಿಲ್ಲ ಅಂತ ನ್ಯೂಜೆರ್ಸಿಯ ನ್ಯಾಯಾಲಯ ಹೇಳಿತು. 2023ರಲ್ಲಿ ಮೇಲ್ಮನವಿಯಲ್ಲೂ ಅದೇ ತೀರ್ಪು ಬಂತು.

ಸುದ್ದಿ ಅಲ್ಲಿಗೆ ಮುಗಿಯಿತು. ವಿಷಯ ಮುಗಿಯಲಿಲ್ಲ. ಆ ಕಾಫಿ ಅಂಗಡಿಯಿಂದ ಬೆಳೆದ ಲಾಯ್ಡ್ಸ್ ವಿಮೆ ಮಾರುಕಟ್ಟೆ 2023ರ ಮಾರ್ಚ್ 31ರಿಂದ ಸೈಬರ್ ಪಾಲಿಸಿಗಳಲ್ಲಿ ಸರ್ಕಾರಗಳು ಮಾಡಿಸುವ ದಾಳಿಗಳನ್ನು ಹೊರಗಿಡುವ ಸ್ಪಷ್ಟ ಷರತ್ತು ಇರಲೇಬೇಕು ಅಂದಿತು. ಕೋವಿಡ್ ಆದಮೇಲೂ ಹೀಗೇ ಆಯಿತು. ವ್ಯಾಪಾರ ನಿಂತ ನಷ್ಟ ಕೊಡಬೇಕೇ ಅನ್ನುವ ಪ್ರಶ್ನೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಬಹುಮಟ್ಟಿಗೆ ಗ್ರಾಹಕರ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಹೊಸ ಪಾಲಿಸಿಗಳಲ್ಲಿ ಸಾಂಕ್ರಾಮಿಕ ರೋಗವನ್ನು ಹೊರಗಿಡುವ ಸಾಲು ಸೇರತೊಡಗಿತ್ತು.

ಹಾಗಾಗಿ ದೊಡ್ಡ ಸುದ್ದಿ ನಿಮಗೆ ತಟ್ಟುವುದು ಓದಿದ ದಿನ ಅಲ್ಲ, ರಿನ್ಯೂ ಆಗುವ ದಿನ. ಆಗ ನಾವು ಮೊತ್ತ ನೋಡುತ್ತೇವೆ, ಕಟ್ಟುತ್ತೇವೆ, ಮರೆಯುತ್ತೇವೆ. ಷರತ್ತುಗಳ ಪುಟ ತೆರೆಯುವುದೇ ಇಲ್ಲ. ಅಲ್ಲಿ ಬದಲಾದ ಒಂದು ಸಾಲಿನಿಂದ ಕ್ಲೈಮ್ ಕಳೆದುಕೊಂಡವರ ಎದುರು ಕೂತು ನಾನು ಮಾತಾಡಿದ್ದೇನೆ. ಅವರಿಗೆ ಮೋಸ ಹೋದೆವು ಅನ್ನಿಸುತ್ತದೆ. ಹಾಗೆ ಅನ್ನಿಸುವುದು ತಪ್ಪಲ್ಲ, ಯಾರೂ ಅವರಿಗೆ ಬಾಯಿಬಿಟ್ಟು ಹೇಳಿರುವುದಿಲ್ಲ. ಹಳೆಯ ಪಾಲಿಸಿ, ಹೊಸ ಪಾಲಿಸಿ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ.

ಪ್ರಶ್ನೆ (ಮೊದಲ ಸದಸ್ಯರು, ಎರಡು ದಿನ ಬಿಟ್ಟು): ಮೇಡಂ, ನೀವು ಹೇಳಿದ ಹಾಗೆ ಎರಡನ್ನೂ ಇಟ್ಟುಕೊಂಡು ಓದಿದೆವು. ಮನೆ ಪಾಲಿಸಿಯಲ್ಲಿ ನೀರಿನಿಂದಾದ ಹಾನಿಯಲ್ಲಿ ನಾವೇ ಭರಿಸಬೇಕಾದ ಪಾಲು ಮೊದಲಿಗಿಂತ ದುಪ್ಪಟ್ಟಾಗಿದೆ. ‘ನಿಧಾನವಾಗಿ ಸೋರಿದ ನೀರು’ ಸೇರುವುದಿಲ್ಲ ಅನ್ನುವ ಸಾಲೂ ಹೊಸದು. ಯಾರೂ ಹೇಳಿರಲಿಲ್ಲ.

ಉತ್ತರ: ನೋಡಿದಿರಾ, ನಿಮ್ಮ ಮನೆಗೆ ಸಂಬಂಧಪಟ್ಟ ಸುದ್ದಿ ಇದು. ಕಂಪನಿಗೆ ಇಮೇಲ್ ಬರೆಯಿರಿ, ಫೋನಿನಲ್ಲಿ ಕೇಳಬೇಡಿ. ‘ನಿಧಾನವಾಗಿ’ ಅಂದರೆ ಎಷ್ಟು ದಿನ, ಗೋಡೆಯೊಳಗಿನ ಪೈಪು ಒಡೆದು ಗೊತ್ತಾಗದೆ ಸೋರಿದರೆ ಅದು ಯಾವುದಕ್ಕೆ ಸೇರುತ್ತದೆ, ಹಳೆಯ ಪಾಲೇ ಉಳಿಯಬೇಕಾದರೆ ಪ್ರೀಮಿಯಂ ಎಷ್ಟು. ಈ ಮೂರೇ ಕೇಳಿ. ಅದೇ ಮೂರು ಪ್ರಶ್ನೆಯನ್ನು ಬೇರೆ ಎರಡು ಕಂಪನಿಗೂ ಕಳಿಸಿ. ರಿನ್ಯೂ ತಾರೀಖಿಗೆ ಇನ್ನೂ ಎಷ್ಟು ದಿನ ಇದೆ? ಉತ್ತರ ಬಂದಮೇಲೆ ಇಲ್ಲೇ ಹಾಕಿ, ಹೆಸರು ಮತ್ತು ಪಾಲಿಸಿ ನಂಬರ್ ಅಳಿಸಿ. ನಾನು ಕೂತು ಓದುತ್ತೇನೆ.