ಅಪ್‌ಡೇಟ್: ಬಣ್ಣದ ಸೀಸ, ಮಗಳ ರಕ್ತ, ವಕೀಲರು ಹೇಳಿದ್ದು

ಅಮೆರಿಕದಲ್ಲಿ ಹಳೇ ಬಾಡಿಗೆ ಮನೆ, ಎರಡು ವರ್ಷದ ಮಗಳ ರಕ್ತದಲ್ಲಿ ಸೀಸ, ಮಾಲೀಕರ ಮೇಲೆ ಕೇಸ್ ಹಾಕಬಹುದಾ ಅಂತ ಕೇಳಿದ್ದೆ ಅಲ್ವಾ? ಡೆಸಿಲೀಟರ್‌ಗೆ 11 ಮೈಕ್ರೋಗ್ರಾಂ ಇದ್ದದ್ದು ಈಗ 7ಕ್ಕೆ ಇಳಿದಿದೆ. 3.5 ಮುಟ್ಟಿದರೇ ಜಾಸ್ತಿ ಅಂತ ಲೆಕ್ಕ, ಹಾಗಾಗಿ ಅರ್ಧ ನೆಮ್ಮದಿ ಮಾತ್ರ.

ಮೂಲ ಸಿಕ್ಕಿತು: ಕಿಟಕಿ. ಏರಿಸಿ ಇಳಿಸಿದಾಗಲೆಲ್ಲ ಚೌಕಟ್ಟು ಉಜ್ಜಿ ಬಣ್ಣ ಪುಡಿಯಾಗಿ ಉದುರುತ್ತಿತ್ತು. ಅವಳು ಅಲ್ಲೇ ಗಲ್ಲ ಊರಿ ನಿಲ್ಲುತ್ತಿದ್ದಳು. ನಾನು ಸುಮ್ನೆ ಧೂಳು ಅಂದುಕೊಂಡಿದ್ದೆ.

ವಕೀಲರು ಮೊದಲು ಕೇಳಿದ್ದು ಬಾಡಿಗೆ ಕರಾರು. 1978ಕ್ಕಿಂತ ಹಳೇ ಮನೆಯಾದರೆ, ಸೀಸದ ಬಗ್ಗೆ ಗೊತ್ತಿರುವುದನ್ನು ಮಾಲೀಕರು ಸಹಿಗೆ ಮೊದಲೇ ತಿಳಿಸಬೇಕು. ನಮ್ಮ ಕಾಗದಗಳಲ್ಲಿ ಆ ಹಾಳೆಯೇ ಇಲ್ಲ! ಮಗುವಿನ ಹೆಸರಲ್ಲಿ ದಾವೆ ಹೂಡಲು ಹಲವು ರಾಜ್ಯಗಳಲ್ಲಿ ಹೆಚ್ಚು ಸಮಯ ಸಿಗುತ್ತದೆ. ಅಪ್ಪ-ಅಮ್ಮನ ಖರ್ಚಿನ ದಾವೆಗೆ ಗಡುವು ಬೇಗ ಮುಗಿಯಬಹುದು. ಅದಕ್ಕೇ ತಡ ಮಾಡದೆ ಕೇಸ್ ಒಪ್ಪಿಸಿದೆವು.