ಬೆಂಗಳೂರಿನ ಹದಿಹರೆಯದವರ ಮನಸ್ಸು, ಮಾದಕ ಚಟ, ಅದಕ್ಕೆ ಬೇಕಾದ ದುಡ್ಡು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಬೆಂಗಳೂರಿನಲ್ಲಿ ಹದಿಹರೆಯದ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಜೊತೆ ಕೆಲಸ ಮಾಡುತ್ತೇನೆ. ಸಣ್ಣ ಸಂಸ್ಥೆಗಳಿಗೆ ಅನುದಾನದ ಪ್ರಪೋಸಲ್ ಬರೆದುಕೊಡುವ ಕೆಲಸವನ್ನೂ ಮಾಡುತ್ತಾ ಬಂದಿದ್ದೇನೆ. ಈ ವಾರ "ಚಿಕಿತ್ಸೆಗೆ ದುಡ್ಡು ಎಲ್ಲಿಂದ ಬರುತ್ತೆ, ಯಾರು ಕೊಡಬೇಕು" ಅಂತಲೇ ಹೆಚ್ಚು ಪ್ರಶ್ನೆಗಳು ಬಂದಿವೆ. ಒಂದೊಂದಾಗಿ ಉತ್ತರಿಸುತ್ತೇನೆ.

ಪ್ರಶ್ನೆ (ದಾಸರಹಳ್ಳಿಯಿಂದ ಒಬ್ಬ ತಾಯಿ): ಮೇಡಂ, ಮಗನಿಗೆ ಹದಿನೇಳು, ಸೆಕೆಂಡ್ ಪಿಯು. ಕೆಲವು ತಿಂಗಳಿಂದ ಗಾಂಜಾ ಸೇದುತ್ತಿದ್ದಾನೆ. ರಾತ್ರಿ ನಿದ್ದೆ ಮಾಡಲ್ಲ, ಬದುಕೋಕೆ ಇಷ್ಟ ಇಲ್ಲ ಅಂತಾನೆ. ಒಂದು ಖಾಸಗಿ ಕೇಂದ್ರದವರು "ಮೂರು ತಿಂಗಳು ಬಿಟ್ಟು ಹೋಗಿ, ಸರಿ ಮಾಡಿ ಕೊಡ್ತೀವಿ" ಅಂದರು. ಅವರು ಹೇಳಿದ ದುಡ್ಡು ಕಟ್ಟಬೇಕಾದರೆ ಒಡವೆ ಅಡ ಇಡಬೇಕು. ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತ ನಮ್ಮವರಿಗೆ ಭಯ.

ಉತ್ತರ: ಅಮ್ಮಾ, ಒಡವೆ ಇಡಬೇಡಿ. ಗಾಂಜಾ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊದಲು "ಬದುಕೋಕೆ ಇಷ್ಟ ಇಲ್ಲ" ಅನ್ನುವ ಮಾತು. ಇವತ್ತೇ ಅವನ ಪಕ್ಕ ಕೂತು "ಸಾಯಬೇಕು ಅನ್ನಿಸುತ್ತಾ ಮಗಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನುವುದು ಸುಳ್ಳು. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ಮಧ್ಯರಾತ್ರಿಯಾದರೂ ಸರಿ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಮಾತಾಡಲು ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಸಿಗುತ್ತೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಚಟದ ವಿಷಯಕ್ಕೇ ಅಂತ 14446 ಕೂಡ ಇದೆ.

ಇನ್ನು ಗಾಂಜಾ. ಈ ವಯಸ್ಸಿನ ಹುಡುಗರಲ್ಲಿ ಬಹಳಷ್ಟು ಮಂದಿಗೆ ತಿಂಗಳುಗಟ್ಟಲೆ ಒಳಗಿಡುವ ಚಿಕಿತ್ಸೆ ಬೇಕಾಗುವುದಿಲ್ಲ. ವಾರಕ್ಕೊಮ್ಮೆ ಬಂದು ಹೋಗುವ ಆಪ್ತಸಮಾಲೋಚನೆ, ನಿದ್ದೆಗೋ ಖಿನ್ನತೆಗೋ ಬೇಕಿದ್ದರೆ ಮಾತ್ರೆ, ಜೊತೆಗೆ ಮನೆಯವರಿಗೂ ನಾಲ್ಕು ಮಾತು, ಇಷ್ಟೇ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರ ಇದೆ, ಮಕ್ಕಳ ಮನೋವೈದ್ಯಕೀಯ ವಿಭಾಗವೂ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ, ರಿಯಾಯಿತಿ ಸಿಗುತ್ತೆ. ಅಷ್ಟು ದೂರ ಆಗದಿದ್ದರೆ ವಿಕ್ಟೋರಿಯಾ ಅಥವಾ ಬೌರಿಂಗ್ ಆಸ್ಪತ್ರೆಯ ಮನೋವೈದ್ಯರ ಬಳಿ ಶುರು ಮಾಡಿ.

ಪೊಲೀಸ್ ಭಯ ಬಿಡಿ. ಚಿಕಿತ್ಸೆಗೆ ಬಂದವನ ವಿಷಯ ಗುಟ್ಟಾಗಿಡಬೇಕು ಅಂತ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲೇ ಇದೆ. ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಕೂಡ, ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ರಕ್ಷಣೆ ಕೊಡುತ್ತದೆ.

ಆ ಖಾಸಗಿ ಕೇಂದ್ರದವರನ್ನು ಒಂದೇ ಪ್ರಶ್ನೆ ಕೇಳಿ: "ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ." ಕುಡಿತ, ಮಾದಕ ವಸ್ತುವಿನಿಂದ ಬರುವ ಮನೋಸ್ಥಿತಿಯೂ ಆ 2017ರ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಯೇ, ಹಾಗಾಗಿ ಅದರ ಚಿಕಿತ್ಸೆಗೆ ದಾಖಲು ಮಾಡಿಕೊಳ್ಳುವ ಕೇಂದ್ರಕ್ಕೆ ನೋಂದಣಿ ಬೇಕು. ಹದಿನೆಂಟು ತುಂಬದವರನ್ನು ದಾಖಲಿಸಲು ಅದೇ ಕಾಯ್ದೆಯ 87ನೇ ಸೆಕ್ಷನ್‌ನ ನಿಯಮ ಇನ್ನೂ ಬಿಗಿ. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಪ್ಪಬೇಕು, ದೊಡ್ಡವರಿಂದ ಪ್ರತ್ಯೇಕವಾಗಿ ಇರಿಸಬೇಕು, ಅಲ್ಲಿರುವಷ್ಟು ದಿನವೂ ಮನೆಯವರೊಬ್ಬರು ಅಥವಾ ಅವರು ನೇಮಿಸಿದವರು ಜೊತೆಗಿರಬೇಕು. "ಬಿಟ್ಟು ಹೋಗಿ" ಅಂದರಲ್ಲ, ಆ ಮಾತೇ ಕಾನೂನಿಗೆ ವಿರುದ್ಧ.

ಪ್ರಶ್ನೆ (ಒಬ್ಬ ತಂದೆ, ಸಾಫ್ಟ್‌ವೇರ್ ಕಂಪನಿ ಉದ್ಯೋಗಿ): ನಮಗೆ ಒಳ್ಳೆಯ ಹೆಲ್ತ್ ಇನ್ಶೂರೆನ್ಸ್ ಇದೆ. ಮಗಳು ಖಿನ್ನತೆಗೆ ಆಸ್ಪತ್ರೆಯಲ್ಲಿದ್ದಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮದ್ಯಪಾನದ ವಿಷಯವೂ ಇದೆ ಅಂತ ಕ್ಲೇಮ್ ತಳ್ಳಿಹಾಕಿದರು. ಇದು ಸರಿಯಾ?

ಉತ್ತರ: ಪಾಲಿಸಿ ಪುಸ್ತಕದ ಹೊರತುಪಡಿಕೆಗಳ (ವಿಮೆ ಸಿಗದ ವಿಷಯಗಳ) ಪಟ್ಟಿ ತೆಗೆದು ನೋಡಿ. 2017ರ ಕಾಯ್ದೆಯ 21(4) ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವೂ 2018ರ ಆಗಸ್ಟ್‌ನಲ್ಲಿ ಹಾಗೇ ಸುತ್ತೋಲೆ ಹೊರಡಿಸಿತು. ಆದರೆ ಅದೇ ಪ್ರಾಧಿಕಾರ ಒಪ್ಪಿದ ಪ್ರಮಾಣಿತ ಹೊರತುಪಡಿಕೆಗಳಲ್ಲಿ 12ನೆಯದು ಕುಡಿತ, ಮಾದಕ ವಸ್ತು, ಯಾವುದೇ ಚಟ ಮತ್ತು ಅದರ ಪರಿಣಾಮಗಳ ಚಿಕಿತ್ಸೆ. ಒಂದೇ ಮಗುವಿನ ಅರ್ಧ ಕಾಯಿಲೆಗೆ ದುಡ್ಡು, ಇನ್ನರ್ಧಕ್ಕೆ ಇಲ್ಲ ಅಂದಂತಾಯಿತು. ಹದಿಹರೆಯದಲ್ಲಿ ಈ ಎರಡೂ ಹೆಣೆದುಕೊಂಡೇ ಬರುತ್ತವೆ, ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ನೀವು ಮಾಡಬೇಕಾದದ್ದು: ದಾಖಲಾದ ಮುಖ್ಯ ಕಾರಣ ಖಿನ್ನತೆಯೇ ಆಗಿದ್ದರೆ ಅದನ್ನು ಸ್ಪಷ್ಟವಾಗಿ ಬರೆದ ಪತ್ರವನ್ನು ಚಿಕಿತ್ಸೆ ಕೊಟ್ಟ ವೈದ್ಯರಿಂದ ಪಡೆದು ಮರುಪರಿಶೀಲನೆಗೆ ಹಾಕಿ. ಅಲ್ಲೂ ಆಗದಿದ್ದರೆ ವಿಮೆಯ ದೂರು ಕೇಳುವ ಓಂಬುಡ್ಸ್‌ಮನ್ ಬಳಿ ಹೋಗಿ. ವಕೀಲರ ಅಗತ್ಯವಿಲ್ಲ, ಶುಲ್ಕವೂ ಇಲ್ಲ.

ಪ್ರಶ್ನೆ (ನಿವೃತ್ತ ಮೇಷ್ಟ್ರು, ರಾಜಾಜಿನಗರ): ಅಮ್ಮಾ, ಅಬಕಾರಿಯಿಂದ ಸರ್ಕಾರಕ್ಕೆ ಅಷ್ಟೊಂದು ಹಣ ಬರುತ್ತದೆ. ಅದರಲ್ಲಿ ಒಂದು ಪಾಲು ತೆಗೆದಿಟ್ಟರೆ ವಾರ್ಡಿಗೊಂದು ಕೇಂದ್ರ ಮಾಡಬಹುದಲ್ಲವೇ?

ಉತ್ತರ: ಸರ್, ಮಾಡಬಹುದು. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಆದರೆ ಬಾಟಲಿಯಿಂದ ಬಂದ ದುಡ್ಡು ಸಂಚಿತ ನಿಧಿಗೆ ಹೋಗಿ ಎಲ್ಲದರ ಜೊತೆ ಬೆರೆಯುತ್ತದೆ.

ಮಾನಸಿಕ ಆರೋಗ್ಯದ ದುಡ್ಡು ಬರುವುದು ಬೇರೆ ದಾರಿಯಿಂದ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯನ್ನೇ 1996ರಲ್ಲಿ ದೇಶಕ್ಕೆ ತೆಗೆದುಕೊಂಡರು. ಅದರ ಮಾರ್ಗಸೂಚಿಯಲ್ಲಿ ಒಂದು ಜಿಲ್ಲೆಗೆ ವರ್ಷಕ್ಕೆ ಹೆಚ್ಚೆಂದರೆ 83.20 ಲಕ್ಷ ರೂಪಾಯಿ. ಜನಸಂಖ್ಯೆ ಎಷ್ಟೇ ಇರಲಿ, ಮಿತಿ ಒಂದೇ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಐದೂವರೆ ಲಕ್ಷ ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ಭಾಗಿಸಿ ನೋಡಿ ಸರ್: ಕೊಡಗಿನಲ್ಲಿ ತಲೆಗೆ ಹದಿನೈದು ರೂಪಾಯಿ, ಬೆಂಗಳೂರಿನಲ್ಲಿ ಒಂದು ರೂಪಾಯಿಯೂ ಇಲ್ಲ. ನಿಮ್ಹಾನ್ಸ್, "ನಮ್ಮ ಕ್ಲಿನಿಕ್" ಹೆಸರಿನ ಸರ್ಕಾರಿ ಕ್ಲಿನಿಕ್‌ಗಳು, ರಾಜ್ಯದ ಸ್ವಂತ ಯೋಜನೆಗಳ ಹಣ ಇದರಿಂದ ಬೇರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ "ನಗರದಲ್ಲಿ ಎಲ್ಲ ಸೌಲಭ್ಯ ಇದೆ" ಅಂತ ಅಂದುಕೊಳ್ಳುವಾಗ ಈ ಲೆಕ್ಕ ನೆನಪಿರಲಿ.

ಇನ್ನೊಂದು ತೊಡಕಿದೆ. ಮಾನಸಿಕ ಆರೋಗ್ಯದ ಕೆಲಸ ಆರೋಗ್ಯ ಸಚಿವಾಲಯದ್ದು. ಮಾದಕ ವಸ್ತುಗಳ ಬೇಡಿಕೆ ತಗ್ಗಿಸುವ ಕೆಲಸ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ್ದು. 2020ರ ಆಗಸ್ಟ್ 15ರಂದು ಶುರುವಾದ ನಶಾ ಮುಕ್ತ ಭಾರತ ಅಭಿಯಾನವೂ ಅವರದೇ. ಇಬ್ಬರ ರಿಜಿಸ್ಟರ್ ಬೇರೆ, ಸಿಬ್ಬಂದಿ ಬೇರೆ, ಲೆಕ್ಕ ಕೇಳುವ ಅಧಿಕಾರಿ ಬೇರೆ. ದಾಸರಹಳ್ಳಿಯ ತಾಯಿ ಬರೆದಂಥ ಹುಡುಗ ಆಪ್ತಸಮಾಲೋಚಕರ ಬಳಿ ಹೋದರೆ "ಮೊದಲು ಗಾಂಜಾ ಬಿಡಿಸಿಕೊಂಡು ಬಾ" ಅಂತಾರೆ, ಚಟ ಬಿಡಿಸುವ ಕಡೆ ಹೋದರೆ "ಇವನಿಗೆ ಡಿಪ್ರೆಶನ್ ಇದೆ, ಅಲ್ಲಿಗೆ ಹೋಗಿ" ಅಂತಾರೆ. ಎರಡು ಬಸ್ ಹತ್ತಿ ಇಳಿಯುವಷ್ಟರಲ್ಲಿ ಹುಡುಗನ ಮನಸ್ಸು ತಿರುಗಿರುತ್ತೆ. ಹಾಗಾಗಿ ಹೊಸ ಕಟ್ಟಡಕ್ಕಿಂತ ಮೊದಲು ನಾನು ಕೇಳುವುದು, ಎರಡೂ ಬಲ್ಲ ಒಬ್ಬ ವ್ಯಕ್ತಿ ಒಂದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂರುವಂತೆ ಸಂಬಳ ಕೊಡಿ ಅಂತ.

ಪ್ರಶ್ನೆ (ಒಂದು ಸಣ್ಣ ಟ್ರಸ್ಟ್ ನಡೆಸುವ ಯುವಕ): ಅಕ್ಕಾ, ನಮ್ಮ ಏರಿಯಾದಲ್ಲಿ ಎಂಟು ಹತ್ತು ವರ್ಷದ ಹುಡುಗರೇ ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸುತ್ತಾರೆ. ಒಂದು ಕಂಪನಿಯ ಸಿಎಸ್‌ಆರ್‌ನವರು (ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣ ನೋಡಿಕೊಳ್ಳುವವರು) ಜಾಥಾ, ಟೀ ಶರ್ಟ್, ಬ್ಯಾನರ್‌ಗೆ ದುಡ್ಡು ಕೊಡ್ತೀವಿ, ಆದರೆ ಕೌನ್ಸೆಲರ್ ಸಂಬಳ ಓವರ್‌ಹೆಡ್, ಅಂದರೆ ಆಡಳಿತದ ಖರ್ಚು, 5 ಪರ್ಸೆಂಟ್ ಮೀರುವಂತಿಲ್ಲ ಅಂತಾರೆ. ಏನು ಮಾಡೋದು?

ಉತ್ತರ: ತಮ್ಮಾ, ಅವರು ನಿಯಮವನ್ನು ತಪ್ಪಾಗಿ ಓದಿಕೊಂಡಿದ್ದಾರೆ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಅಡಿಯ ನಿಯಮಗಳಲ್ಲಿ ಆ 5 ಪರ್ಸೆಂಟ್ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ನಿರ್ದಿಷ್ಟ ಪ್ರಾಜೆಕ್ಟ್ ರೂಪಿಸಲು, ನಡೆಸಲು, ಮೌಲ್ಯಮಾಪನ ಮಾಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಅಂತ ವ್ಯಾಖ್ಯೆಯಲ್ಲೇ ಬರೆದಿದೆ. ಮಗುವಿನ ಎದುರು ಕೂರುವವರ ಸಂಬಳ ನೇರ ಖರ್ಚು. ಬಜೆಟ್ ಪಟ್ಟಿಯಲ್ಲಿ ಅದನ್ನು "ಸಿಬ್ಬಂದಿ ವೆಚ್ಚ" ಅಂತ ಕೆಳಗೆ ತುರುಕಬೇಡಿ. ಮೊದಲ ಸಾಲಿನಲ್ಲೇ "ಮಕ್ಕಳಿಗೆ ಆಪ್ತಸಮಾಲೋಚನೆ ಸೇವೆ" ಅಂತ ಹಾಕಿ, ಅದರ ಕೆಳಗೆ ಬಿಡಿಸಿ ಬರೆಯಿರಿ: ವಾರಕ್ಕೆ ಎಷ್ಟು ಭೇಟಿ, ಎಷ್ಟು ಮನೆಗೆ ಹೋಗುವುದು, ಬಸ್ ಚಾರ್ಜ್, ಹಿರಿಯರೊಬ್ಬರ ಮೇಲ್ವಿಚಾರಣೆ. "ಎಷ್ಟು ಮಕ್ಕಳನ್ನು ತಲುಪಿದಿರಿ" ಅನ್ನುವ ಕಾಲಂ ಪಕ್ಕದಲ್ಲಿ ನೀವೇ ಇನ್ನೊಂದು ಕಾಲಂ ಸೇರಿಸಿ: "ಮೂರು ತಿಂಗಳ ನಂತರವೂ ಬರುತ್ತಿರುವವರು ಎಷ್ಟು". ಜಾಥಾದಲ್ಲಿ ಐನೂರು ಮಕ್ಕಳು ನಡೆಯುತ್ತಾರೆ, ಆ ಕಾಲಂನಲ್ಲಿ ಇಪ್ಪತ್ತು ಬಂದರೂ ಅದು ದೊಡ್ಡ ಕೆಲಸ.

ಒಂದೇ ವರ್ಷಕ್ಕೆ ಒಪ್ಪಬೇಡಿ. "ನಡೆಯುತ್ತಿರುವ ಪ್ರಾಜೆಕ್ಟ್" ಅಂತ ತೋರಿಸಿದರೆ ಶುರುವಾದ ವರ್ಷ ಬಿಟ್ಟು ಮೂರು ವರ್ಷದವರೆಗೆ ಮುಂದುವರಿಸಲು ಅವಕಾಶವಿದೆ. ಹದಿಹರೆಯದವರು ನಂಬಿ ಬಾಯಿ ಬಿಡುವುದಕ್ಕೇ ಕೆಲವು ತಿಂಗಳು ಬೇಕು. ಅಷ್ಟರಲ್ಲಿ ದುಡ್ಡು ನಿಂತು ಕೌನ್ಸೆಲರ್ ಹೊರಟುಹೋದರೆ ಆ ಮಗು ಮತ್ತೊಬ್ಬರನ್ನು ನಂಬುವುದು ಕಷ್ಟ. ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆಯ 12ಎ, 80ಜಿ ಸರಿಯಾಗಿವೆಯೇ ನೋಡಿಕೊಳ್ಳಿ.

ಸರ್ಕಾರದ ಕಡೆಯಿಂದ ನಿಮಗೆ ಹೊಂದುವುದು ಮಾದಕ ವಸ್ತುಗಳ ಬೇಡಿಕೆ ತಗ್ಗಿಸಲು ಸಾಮಾಜಿಕ ನ್ಯಾಯ ಸಚಿವಾಲಯ ಮಾಡಿರುವ ರಾಷ್ಟ್ರೀಯ ಕ್ರಿಯಾ ಯೋಜನೆಯ ಸಿಪಿಎಲ್‌ಐ. ಅಪಾಯದಲ್ಲಿರುವ ಮಕ್ಕಳ ನಡುವೆಯೇ ಕೆಲವರನ್ನು ತರಬೇತು ಮಾಡಿ ಅವರ ಮೂಲಕ ಉಳಿದವರನ್ನು ತಲುಪುವ ಕೆಲಸ ಅದು. ಸರ್ಕಾರದ ಎನ್‌ಜಿಓ ದರ್ಪಣ್ ತಾಣದಲ್ಲಿ ಟ್ರಸ್ಟ್‌ನ ನೋಂದಣಿ ಮಾಡಿಸಿ ಇ-ಅನುದಾನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದೇ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಒಂದು ಅಂಶವನ್ನು ಅರ್ಜಿಯಲ್ಲಿ ಹಾಕಿ: ಮೂಸುವ ವಸ್ತುಗಳ ಬಳಕೆ ವಯಸ್ಕರಲ್ಲಿ 0.58%, 10ರಿಂದ 17ರ ಮಕ್ಕಳಲ್ಲಿ 1.17%. ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವ ಮಾದಕ ವಸ್ತು ಇದೊಂದೇ. ಆದರೆ ಕಂತು ತಡವಾಗಿ ಬರುವುದು ಸಾಮಾನ್ಯ, ಕೆಲವು ತಿಂಗಳ ಸಂಬಳ ಕೈಯಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ.

ಪ್ರಶ್ನೆ (ಖಾಸಗಿ ಪಿಯು ಕಾಲೇಜಿನ ಉಪನ್ಯಾಸಕಿ): ನಮ್ಮಲ್ಲಿ 600 ವಿದ್ಯಾರ್ಥಿಗಳಿದ್ದಾರೆ, ಕೌನ್ಸೆಲರ್ ಇಲ್ಲ. ಆಡಳಿತ ಮಂಡಳಿ "ಸರ್ಕಾರ ಕಳಿಸಲಿ" ಅಂತಿದೆ.

ಉತ್ತರ: 2025ರ ಜುಲೈ 25ರ ಸುಪ್ರೀಂ ಕೋರ್ಟ್ ತೀರ್ಪನ್ನು ಪ್ರಿಂಟ್ ಹಾಕಿ ಅವರ ಮುಂದಿಡಿ, ಸುಕದೇಬ್ ಸಾಹಾ ಪ್ರಕರಣ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು ಅಂತ ಅದರಲ್ಲಿದೆ. ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಇಂಗ್ಲಿಷ್ ಪಾಠ ಮಾಡುವವರಿಗೇ ಆ ಕೆಲಸ ಹೊರಿಸಬೇಡಿ ಅಂತ ಗಟ್ಟಿಯಾಗಿ ಹೇಳಿ. ಇಂಟರ್ನಲ್ ಮಾರ್ಕ್ಸ್ ಹಾಕುವವರ ಮುಂದೆ ಯಾವ ಹುಡುಗನೂ "ನಾನು ಸೇದುತ್ತೀನಿ" ಅನ್ನುವುದಿಲ್ಲ.

ಪ್ರಶ್ನೆ (ವಾರ್ಡ್ ಸಮಿತಿಯಲ್ಲಿದ್ದ ಸದಸ್ಯರು): ಪಾಲಿಕೆ ಬಜೆಟ್‌ನಲ್ಲಿ ಕೇಳಲು ಏನಾದರೂ ದಾರಿ?

ಉತ್ತರ: ಇದೆ, ಸಣ್ಣದು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅಂಗವಿಕಲರ ಕಲ್ಯಾಣಕ್ಕೆ 5% ಮೀಸಲು ನಿಧಿ ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಾನಸಿಕ ಅಸ್ವಸ್ಥತೆಯೂ ಅಂಗವೈಕಲ್ಯವೇ. ಪ್ರಮಾಣಪತ್ರ ಇರುವ ಯುವಕರಿಗೆ ಆ ನಿಧಿಯಿಂದ ನೆರವು ಕೇಳಬಹುದು. ಚಟಕ್ಕೆ ಮಾತ್ರ ಅದು ಸಿಗುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಗಿವೆ, ಅಂದರೆ ಐದು ಬಜೆಟ್. ನಿಮ್ಮ ಪಾಲಿಕೆ ಯಾವುದು ಅಂತ ತಿಳಿದುಕೊಂಡು, ಬಜೆಟ್ ಸಿದ್ಧತೆ ಶುರುವಾಗುವ ಹೊತ್ತಿಗೆ ಒಂದೇ ಬೇಡಿಕೆ ಬರೆದು ಕೊಡಿ: ವಾರಕ್ಕೆ ಎರಡು ಸಂಜೆ, ಕಾಲೇಜು ಬಿಟ್ಟ ಮೇಲೆ, ವಾರ್ಡಿನ ನಮ್ಮ ಕ್ಲಿನಿಕ್‌ನಲ್ಲಿ ಒಬ್ಬ ಆಪ್ತಸಮಾಲೋಚಕರು. ಕಟ್ಟಡ ಇದೆ, ಡಾಕ್ಟರ್ ಇದ್ದಾರೆ, ಅವರ ಸಂಬಳದ ಸಾಲೊಂದು ಬೇಕು. ಅರ್ಜಿಯ ಕರಡು ಬೇಕಿದ್ದರೆ ಇಲ್ಲೇ ಕೇಳಿ, ಬರೆದು ಹಾಕುತ್ತೇನೆ.